ಲಾಡ್ಜಿನ ಆ ಹೆಂಗಸಿನ ಹೆಸರು

ಸುಮತಿ ಟೀಚರ್‌ಗೆ ದಿನಕ್ಕೆ ಅರ್ಧ ಗಂಟೆ ಮಾತ್ರ ಕಣ್ಣು ಕಾಣುತ್ತಿತ್ತು.

ತಮಾಷೆ ಮಾಡುತ್ತಿಲ್ಲ. ಅವರಿಗೆ ಬಾಗಿಲು ಕಾಣುತ್ತದೆ, ಬಕೆಟ್ ಕಾಣುತ್ತದೆ, ಬಾಲ್ಕನಿಯ ತುಳಸಿ ಕುಂಡ ಕಾಣುತ್ತದೆ. ಆದರೆ ನೋಟದ ನಟ್ಟನಡುವೆ ಒಂದು ಮಬ್ಬು ಕಲೆ. ಎದುರು ನಿಂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತು, ಅಂಗೈಯಗಲದ ಭೂತಗನ್ನಡಿ ಹಿಡಿದು, ತಲೆ ಓರೆ ಮಾಡಿದರೆ ಅಕ್ಷರಗಳು ಒಂದೊಂದಾಗಿ ಆ ಕಲೆಯ ಅಂಚಿನಿಂದ ಹೊರಬರುತ್ತಿದ್ದವು. ಅರ್ಧ ಗಂಟೆ. ಆಮೇಲೆ ಕಣ್ಣಲ್ಲಿ ನೀರು, ತಲೆನೋವು. ಆ ದಿನದ ಓದು ಅಲ್ಲಿಗೆ ಮುಗಿಯಿತು. ಇದೂ ಹೆಚ್ಚು ತಿಂಗಳು ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು.

ಆ ಕೊನೆಯ ಅರ್ಧ ಗಂಟೆಗಳನ್ನು ಹಾಳು ಮಾಡಿದವರಲ್ಲಿ ನಾನೂ ಒಬ್ಬಳು. ಈ ವಾರದ ಅಂಕಣದಲ್ಲಿ ನಾನು ನಿಮ್ಮೆದುರು ತಪ್ಪೊಪ್ಪಿಕೊಳ್ಳಬೇಕು.

ಟೀಚರ್ ಇರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ನಮ್ಮದೇ ಹೌಸಿಂಗ್ ಸೊಸೈಟಿಯಲ್ಲಿ. ಊರು ಉಡುಪಿ ಕಡೆ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. (ಆ ಶಾಲೆ ಈಗಲೂ ಇದೆ, ಕನ್ನಡ ಇಲ್ಲ.) ಜೊತೆಗಿರುವ ಮಗಳು ಶುಭದಾಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. "ಮಮ್ಮೀ, ಮೊಬೈಲ್ ಪೇ ಸುನ್ ಲೇ ನಾ," ಎನ್ನುತ್ತಾಳೆ, ಪುಸ್ತಕವನ್ನು ಮೊಬೈಲಿನಲ್ಲೇ ಕೇಳಿಸಿಕೋ ಎಂದು. ಟೀಚರ್ ಒಪ್ಪುವುದಿಲ್ಲ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದೆ, ನನ್ನ ಮಗಳಿಗೆ ಕಲಿಸಲು ಪುರುಸೊತ್ತಾಗಲಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಆ ಅರ್ಧ ಗಂಟೆಗಳನ್ನು ಹಾಳು ಮಾಡಿದ ಇನ್ನೊಬ್ಬರು ಒಬ್ಬ ಕಾದಂಬರಿಕಾರರು. ಹೆಸರು ಹೇಳುವುದಿಲ್ಲ. ಹೇಳಿದರೆ ಪುಸ್ತಕ ಇನ್ನೂ ನಾಲ್ಕು ಪ್ರತಿ ಹೆಚ್ಚು ಹೋಗುತ್ತದೆ, ಅಷ್ಟೇ.

ಟೀಚರ್‌ಗೆ ಅವರೆಂದರೆ ಪ್ರಾಣ. ಅವರ ಮೊದಲ ಕಾದಂಬರಿಯಲ್ಲಿ ಬೀಡಿ ಕಟ್ಟುವ ಒಬ್ಬ ಮುದುಕಿ ಒಂದೇ ಒಂದು ಪುಟ ಬಂದು ಹೋಗುತ್ತಾಳೆ. ಅವಳಿಗೂ ಹೆಸರಿದೆ. ಅವಳ ಮೇಕೆಗೂ ಹೆಸರಿದೆ! ಟೀಚರ್ ಆ ಪುಟವನ್ನು ಪ್ರತಿ ವರ್ಷ ಏಳನೇ ಕ್ಲಾಸಿನ ಮಕ್ಕಳಿಗೆ ಓದಿ ಹೇಳುತ್ತಿದ್ದರಂತೆ. "ದೊಡ್ಡ ಲೇಖಕ ಅಂದ್ರೆ ಹೀಗೆ ಮಕ್ಕಳೇ, ಮೇಕೆಯನ್ನೂ ಮರೆಯುವುದಿಲ್ಲ" ಎನ್ನುತ್ತಿದ್ದರಂತೆ.

ಆಮೇಲೆ ಆ ಲೇಖಕರಿಗೆ ಏನಾಯಿತೋ. ಪುಸ್ತಕದಿಂದ ಪುಸ್ತಕಕ್ಕೆ ರಕ್ತ ಜಾಸ್ತಿಯಾಯಿತು, ಬೈಗುಳ ಜಾಸ್ತಿಯಾಯಿತು. ಪ್ರತಿಭಟನೆ, ಟಿವಿ ಚರ್ಚೆ, ಮರುಮುದ್ರಣ. ಟೀಚರ್ ಮಾತ್ರ ಬಿಟ್ಟುಕೊಡಲಿಲ್ಲ. "ಅವರು ವಾಪಸ್ ಬರ್ತಾರೆ ನೋಡು," ಎನ್ನುತ್ತಿದ್ದರು, ಊರು ಬಿಟ್ಟು ಹೋದ ತಮ್ಮನ ಬಗ್ಗೆ ಹೇಳುವ ಹಾಗೆ.

ಈ ವರ್ಷ ಹೊಸ ಕಾದಂಬರಿ ಬಂತು. ಠಾಣೆಯ ಒಂದು ಹಾಲ್‌ನಲ್ಲಿ ಅವರ ಭಾಷಣ. ಟೀಚರನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿದೆ. "ಓದುಗ ಬೆಚ್ಚಿಬೀಳದಿದ್ದರೆ ಅದು ಸಾಹಿತ್ಯವೇ ಅಲ್ಲ!" ಎಂದರು ಲೇಖಕರು. ಹಾಲ್ ತುಂಬ ಚಪ್ಪಾಳೆ. ನಾನೂ ತಟ್ಟಿದೆ. ಟೀಚರ್ ನನ್ನ ಕಡೆ ಬಾಗಿ, "ಮುಖ ಕಾಣ್ಲಿಲ್ಲ ಮಾರಾಯ್ತಿ. ಸ್ವರ ಮಾತ್ರ ಅದೇ ಉಂಟು," ಎಂದರು. ಆ ಸಂತೋಷ ನೋಡಬೇಕಿತ್ತು ನೀವು.

ಮರುವಾರ ನಾನು ಇದೇ ಅಂಕಣದಲ್ಲಿ ಆ ಪುಸ್ತಕವನ್ನು 'ಓದಲೇಬೇಕಾದದ್ದು' ಎಂದು ಬರೆದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಾನು ಎಷ್ಟು ಓದಿದ್ದೆ ಗೊತ್ತೇ? ನಲವತ್ತು ಪುಟ. ಅದೂ ಐರೋಲಿಯ ಆಫೀಸಿಗೆ ಹೋಗುವಾಗ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ಒಂಟಿ ಕಾಲಿನಲ್ಲಿ ನಿಂತು. ಅಂಕಣದ ಡೆಡ್‌ಲೈನ್ ಇತ್ತು. ಲೇಖಕರು ದೊಡ್ಡವರು. ಮುಂದಿನದೂ ಚೆನ್ನಾಗಿಯೇ ಇರುತ್ತದೆ ಅಂದುಕೊಂಡೆ. ಸಾಲದ್ದಕ್ಕೆ ಆ ಅಂಕಣವನ್ನು ಟೀಚರ್ ಮನೆಗೆ ಹೋಗಿ ನಾನೇ ಗಟ್ಟಿಯಾಗಿ ಓದಿ ಹೇಳಿದೆ. (ಎಂಥ ಜಂಬ!)

ನಮ್ಮ ಕನ್ನಡ ಸಂಘದ ಲೈಬ್ರರಿ ಒಂದು ಕೋಣೆಯದ್ದು, ಭಾನುವಾರ ಮಾತ್ರ ತೆರೆಯುತ್ತದೆ. ಅಲ್ಲೊಂದು ಪದ್ಧತಿ ಇದೆ. ಹೊಸ ಪುಸ್ತಕ ಮೊದಲು ಎಲ್ಲರಿಗಿಂತ ಹಿರಿಯ ಓದುಗರ ಕೈಗೆ ಹೋಗಬೇಕು. ಹಿಂಬದಿಯ ರಟ್ಟಿಗೆ ಒಂದು ಚೀಟಿ ಅಂಟಿಸಿರುತ್ತದೆ. ಓದಿದವರು ಅದರಲ್ಲಿ ಒಂದು ಸಾಲು ಬರೆಯಬೇಕು. ಮುಂದಿನವರು ಅದನ್ನು ನೋಡಿಯೇ ಪುಸ್ತಕ ಒಯ್ಯುತ್ತಾರೆ.

ಹಿರಿಯರೆಂದರೆ ಸುಮತಿ ಟೀಚರ್. ನಾನು ಓದಿ ಹೇಳುತ್ತೇನೆ ಎಂದೆ. "ಬೇಡ. ಇದೊಂದನ್ನು ನನ್ನ ಕಣ್ಣಲ್ಲೇ ಓದ್ತೇನೆ," ಎಂದರು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಬೈಂಡು ಹಾಕಿ, ದಿನಕ್ಕೆ ನಾಲ್ಕೈದು ಪುಟದಂತೆ ಶುರುಮಾಡಿದರು.

ಎರಡು ತಿಂಗಳು ಮುಗಿಯಿತು. ಮೂರನೆಯದೂ ಹಿಡಿಯಿತು. ಮುಂದಿನ ಪಾಳಿಯವರು ಶ್ರೀಶೈಲ, ವಿಜಯಪುರದವರು, ವಾಗ್ಳೆ ಎಸ್ಟೇಟ್‌ನ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ. ಪ್ರತಿ ಭಾನುವಾರ ಕೇಳುತ್ತಿದ್ದರು: "ಮೇಡಂ, ಟೀಚರ್ದು ಮುಗೀತೇನ್ರಿ?"

ಕೊನೆಗೆ ಟೀಚರ್ ಕರೆಸಿದರು. ಹೋದೆ. ಪುಸ್ತಕ ಮೇಜಿನ ಮೇಲಿತ್ತು. ಚಹಾ ಬಂತು. ಕಾದಂಬರಿಯ ಮಾತು ಬರಲಿಲ್ಲ. ನಾನೇ ಕೇಳಿದೆ, ಹೇಗಿದೆ ಟೀಚರ್?

"ಆ ಲಾಡ್ಜಿನಲ್ಲಿ ಕಸ ಗುಡಿಸುವ ಹೆಂಗಸು ಉಂಟಲ್ಲ. ಅವಳ ಹೆಸರೆಂತ?"

ನನಗೆ ಗೊತ್ತಿರಲಿಲ್ಲ. ಅವಳು ಬರುವುದು ಐವತ್ತೆಂಟನೇ ಪುಟದಲ್ಲಿ. ಸಾಯುವುದು ಅರವತ್ತೊಂದರಲ್ಲಿ. ನಾನು ನಲವತ್ತಕ್ಕೇ ನಿಲ್ಲಿಸಿದ್ದೆನಲ್ಲ! ಆದರೂ ನೆನಪು ಮಾಡಿಕೊಳ್ಳುವ ಮುಖ ಮಾಡಿದೆ. ಆ ಮುಖ ಅವರಿಗೆ ಕಾಣಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಅದರಿಂದ ಸಮಾಧಾನವೇ ಆಯಿತು.

"ಅವಳನ್ನು ಕೊಲ್ಲುತ್ತಾರೆ," ಎಂದರು ಟೀಚರ್. "ನಾಲ್ಕು ಪುಟ ಬರೀ ಹೆಣದ ವರ್ಣನೆ. ನನಗೆ ಹೆದರಿಕೆ ಆಗ್ಲಿಲ್ಲ. ನಾಚಿಕೆಯೂ ಆಗ್ಲಿಲ್ಲ. ಈ ವಯಸ್ಸಲ್ಲಿ ಎಂತ ನಾಚಿಕೆ? ಆದರೆ ಒಬ್ಬರಾದರೂ ಅಳಬೇಕಲ್ಲ? ಅಳುವುದು ಬೇಡ, ಯಾರು ಅಂತ ಆದರೂ ಕೇಳಬೇಡ್ವಾ? ಕಲ್ಯಾಣದ ಲೋಕಲ್‌ನಿಂದ ಬಿದ್ದವರನ್ನು ನೋಡಿದ್ದೇನೆ ನಾನು. ಜನ ಮೊದಲು ಎಂತ ಕೇಳ್ತಾರೆ? ನಾಮ್ ಕ್ಯಾ ಹೈ? ಹೆಸರೆಂತ ಅಂತ. ಮಾತಾಡ್ಲಿಕ್ಕೆ ಆಗದಿದ್ದರೆ ಕಿಸೆಯಲ್ಲಿ ಪಾಸ್ ಹುಡುಕ್ತಾರೆ. ಗುರುತಿಲ್ಲದವರು ಕೂಡ."

ಆಮೇಲೆ ಅವರು ಹೇಳಿದ್ದು ಕೇಳಿ. ಕಾದಂಬರಿ ಮುಗಿದ ಮೇಲೆ ಇನ್ನೂ ಮೂರು ಬೆಳಗು ಅವರು ಆ ಹೆಸರಿಗಾಗಿ ಹಿಂದಿನ ಪುಟಗಳನ್ನು ಹುಡುಕಿದ್ದಾರೆ. ಮೂರು ಬೆಳಗು! ಉಳಿದಿದ್ದೇ ಬೆರಳೆಣಿಕೆಯ ಬೆಳಗುಗಳು.

"ಇರಬೇಕು. ಅವರು ಬರೆಯದೆ ಇರುವವರಲ್ಲ. ನನ್ನ ಈ ಹಾಳು ಕಣ್ಣಿನ ಕಲೆಯಲ್ಲಿ ಹೋಗಿರಬೇಕು," ಎಂದು ಕಣ್ಣೊರೆಸಿಕೊಂಡರು. ಅದು ಓದಿದ ಆಯಾಸದ ನೀರಲ್ಲ. ಅಂದು ಅವರು ಪುಸ್ತಕ ಮುಟ್ಟಿಯೇ ಇರಲಿಲ್ಲ.

ಚೀಟಿಯಲ್ಲಿ ಅವರ ಸಾಲು ಇತ್ತು. ಮೂವತ್ತು ವರ್ಷ ಬೋರ್ಡಿನ ಮೇಲೆ ನೇರವಾಗಿ ಬರೆದ ಕೈ. ಈಗ ಅಕ್ಷರಗಳು ಏರಿ, ಇಳಿದು, ಒಂದರ ಮೇಲೊಂದು ಬಿದ್ದಿದ್ದವು: 'ಗುಡಿಸುವ ಹೆಂಗಸಿನ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ. ಸಿಕ್ಕಿದವರು ದಯಮಾಡಿ ತಿಳಿಸಿ.'

ಆ ಇಡೀ ವಾರ ನಾನು ಟ್ರೇನಿನಲ್ಲಿ ನನ್ನ ಪ್ರತಿಯನ್ನು ತೆಗೆದು ಓದಿದೆ. ಈ ಬಾರಿ ಪೂರ್ತಿ. ಹೆಸರಿಲ್ಲ. 'ಆ ಹೆಂಗಸು'. 'ಅವಳು'. ಸತ್ತ ಮೇಲೆ, 'ಅದು'. ಅಷ್ಟೇ.

ಶ್ರೀಶೈಲ ಒಯ್ದರು, ಹದಿನೈದು ದಿನಕ್ಕೆ ತಂದರು. "ನಾ ಎರಡ್ ಸಲ ಓದೀನ್ರಿ. ಹೀರೋ ಸೇದೋ ಸಿಗರೇಟಿಗೆ ಹೆಸರದ, ಆ ಹೆಣ್ಮಗಳಿಗಿಲ್ಲ." ಪುಸ್ತಕ ಮೇಜಿನ ಮೇಲಿಟ್ಟು ಮತ್ತೆ ಹೇಳಿದರು: "ನಮ್ಮವ್ವನೂ ಕಲ್ಯಾಣದಾಗ ಲಾಡ್ಜಿನ್ಯಾಗ ಕಸಾ ಹೊಡೀತಿದ್ಲ್ರಿ. ಮಹಾದೇವಿ ಅಂತ ಆಕಿ ಹೆಸರು." ಚೀಟಿಯಲ್ಲಿ ಬರೆದರು: 'ನನಗೂ ಸಿಗಲಿಲ್ಲ.' ಅವರ ನಂತರ ಇನ್ನಿಬ್ಬರು ಓದಿದರು. ಇನ್ನೆರಡು 'ಸಿಗಲಿಲ್ಲ'.

ತಡೆಯಲಾರದೆ ಲೇಖಕರಿಗೇ ಮೆಸೇಜ್ ಹಾಕಿದೆ. ಸರ್, ಅವಳ ಹೆಸರೇನು? ಉತ್ತರ ಐದು ನಿಮಿಷದಲ್ಲಿ ಬಂತು: 'ಡಿಸ್ಟರ್ಬ್ ಆಯ್ತಲ್ಲ? ಹಾಗಾದರೆ ಕಾದಂಬರಿ ಗೆದ್ದಿತು.' ಜೊತೆಗೊಂದು ಹೆಬ್ಬೆರಳು.

ನಮ್ಮನ್ನು ಬೆಚ್ಚಿಬೀಳಿಸಲು ಅಷ್ಟೊಂದು ಕಷ್ಟಪಡಬೇಕೇ? ನಾವು ದಿನಾ ಲೋಕಲ್‌ನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವವರು. ಬೆಚ್ಚಿಬೀಳಲು ಪುಸ್ತಕ ಬೇಡ. ಪುಸ್ತಕ ಬೇಕಾಗಿದ್ದು ಬೇರೆಯದಕ್ಕೆ. ಅದನ್ನು ಕೊಡಲು ಗೊತ್ತಿದ್ದವರೇ ಕೊಡಲಿಲ್ಲವಲ್ಲ ಎಂಬುದು ನಮ್ಮ ಸಂಕಟ.

ಹೋದ ಭಾನುವಾರ ಟೀಚರ್ ಮನೆಗೆ ಹೋಗಿದ್ದೆ. ಆ ಅರ್ಧ ಗಂಟೆ ಈಗ ಇಲ್ಲ. ಭೂತಗನ್ನಡಿಯನ್ನು ಶುಭದಾ ಡ್ರಾಯರಿನಲ್ಲಿಟ್ಟಿದ್ದಾಳೆ. ಆ ಕಣ್ಣು ಕೊನೆಯದಾಗಿ ಓದಿದ ಪುಸ್ತಕ, ನಾನು ಓದಲೇಬೇಕು ಎಂದ ಪುಸ್ತಕ.

ಕುಳಿತ ಕೂಡಲೇ ಕೇಳಿದರು: "ಹೆಸರು ಸಿಕ್ಕಿತಾ?"

ಇಲ್ಲ ಎನ್ನಬೇಕಿತ್ತು. ಆದರೆ ಮೂವತ್ತು ವರ್ಷದ ಆ ನಂಬಿಕೆಯನ್ನು ನನ್ನ ಕೈಯಾರೆ ಮುರಿಯಲು ಮನಸ್ಸಾಗಲಿಲ್ಲ. ತಪ್ಪು ಕಣ್ಣಿನದ್ದೇ ಆಗಿರಲಿ ಅನ್ನಿಸಿತು.

"ಸಿಕ್ಕಿತು ಟೀಚರ್. ಮಹಾದೇವಿ ಅಂತ."

ಅವರ ಮುಖ ಅರಳಿತು. "ನಾನು ಹೇಳಲಿಲ್ವಾ!" ಎಂದು ಮಗಳನ್ನು ಕೂಗಿ ಕರೆದರು, ಅವಳಿಗೂ ಹೇಳಿದರು. ಆಮೇಲೆ ನನ್ನ ಕಡೆ ಕಿವಿ ತಿರುಗಿಸಿ, ಹೋಮ್‌ವರ್ಕ್ ತಪಾಸಣೆಗೆ ಕೂತ ಟೀಚರ್ ಸ್ವರದಲ್ಲಿ ಕೇಳಿದರು:

"ಯಾವ ಪುಟ?"

ಶುಭದಾ ತಂದಿಟ್ಟ ಚಹಾದ ಲೋಟವನ್ನು ನಾನು ಮೇಜಿನ ಮೇಲೆ ಅತ್ತಿತ್ತ ಸರಿಸಿದೆ. ಆ ಸದ್ದನ್ನು ಅವರು ಕೇಳಿಸಿಕೊಂಡರು. ಅರಳಿದ ಮುಖ ನಿಧಾನಕ್ಕೆ ಮೊದಲಿನಂತಾಯಿತು. "ಚಹಾ ಕುಡಿ, ಆರಿ ಹೋಗ್ತದೆ," ಎಂದರು.

ಮುನ್ನೂರ ಹನ್ನೆರಡು ಪುಟ ಬರೆದ ಮಹನೀಯರೇ, ನೀವೇ ಹೇಳಿ. ಯಾವ ಪುಟ?