ಲಂಡನ್ನಿನ ಗಾಜಿನ ಮನೆಯಲ್ಲಿ ಬೇವುಬೆಲ್ಲ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನಾನು ಲಂಡನ್ನಿನಲ್ಲಿ ಓದುತ್ತಿದ್ದಾಗ ಯುಗಾದಿ ಬಂತು. ನನ್ನೂರು ಮಳವಳ್ಳಿ, ಕೋಣೆಯಲ್ಲಿ ಜೊತೆಗಿದ್ದ ಗೆಳೆಯ ಬಸರಾಳಿನವನು. ಆ ದಿನ ಬೇವುಬೆಲ್ಲ ತಿನ್ನದೆ ಅವನು ಬಾಯಿಗೆ ಏನನ್ನೂ ಹಾಕುವವನಲ್ಲ. ಮನೆಯಿಂದ ತಂದ ಅಚ್ಚುಬೆಲ್ಲದ ಚೂರು ಅವನ ಜೇಬಿನಲ್ಲಿತ್ತು. ಬೇವು ಎಲ್ಲಿಂದ ಬರಬೇಕು?

ಊರಂಚಿನ ಹಳೆಯ ಸಸ್ಯತೋಟಕ್ಕೆ ಹೋದೆವು. ಹುಲ್ಲಿನ ಮೇಲೆಲ್ಲ ಹಳದಿ ಹೂ ಅರಳಿತ್ತು. ಅವನು ಅತ್ತ ತಿರುಗಿಯೂ ನೋಡದೆ, ಬಿಸಿಲುನಾಡಿನ ಗಿಡಗಳನ್ನಿಟ್ಟಿದ್ದ ಗಾಜಿನ ಮನೆಗೆ ನುಗ್ಗಿ ಎದೆಯೆತ್ತರದ ಗಿಡವೊಂದರ ಮುಂದೆ ನಿಂತ.

“ಸಿಕ್ತು ಕಣ್ಲಾ!”

“ಮುಟ್ಬ್ಯಾಡ ಕಣ್ಲಾ, ಇಡ್ಕೊಂಡೋಯ್ತಾರೆ,” ಎಂದೆ.

“ಇಡ್ಕೊಂಡೋಗ್ಲಿ ಬುಡು. ಬೆಳಗ್ಗಿಂದ ಅಸ್ಕೊಂಡಿರೋನು ನಾನಾ, ನೀನಾ?”

ಅಷ್ಟರಲ್ಲಿ ಮುದುಕ ಮಾಲಿಯೊಬ್ಬ ನೀರಿನ ಡಬ್ಬ ಹಿಡಿದು ಬಂದ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹಬ್ಬದ ವಿಷಯ ಹೇಳಿದೆ. ಆತ ಡಬ್ಬ ಕೆಳಗಿಟ್ಟು, ತಾನೇ ಒಂದು ಚಿಗುರು ಚಿವುಟಿ ಕೊಟ್ಟ. ಗೆಳೆಯ ಅದಕ್ಕೆ ಬೆಲ್ಲ ಸೇರಿಸಿ ಮೊದಲು ಮಾಲಿಯ ಮುಂದೆಯೇ ಹಿಡಿದ.

“ಅವರ್‌ಗ್ಯಾಕ್ಲಾ?”

“ಇರೀಕ್ರು ಕಣ್ಲಾ. ಅವರ್‌ಗೆ ಕೊಡ್ದೆ ನಾವ್ ತಿನ್ನೋದಾ?”

ಮಾಲಿ ಅಗಿದ. ಆತ ನಕ್ಕನೆಂದು ಬರೆದರೆ ಚೆನ್ನಾಗಿರುತ್ತದೆ. ನನಗೆ ನೆನಪಿರುವುದು ಹಿಂಡಿದ ಮುಖ ಮಾತ್ರ. ಅದು ಬೇವೇ ಎಂದೂ ಆಣೆ ಇಡಲಾರೆ. ಹೆಬ್ಬೇವೋ, ಮತ್ತಾವುದೋ ಇರಬಹುದು. ಕಹಿಯಂತೂ ಇತ್ತು. ಗೆಳೆಯ ಕಣ್ಣುಮುಚ್ಚಿ, ನಿಧಾನವಾಗಿ, ಚೂರೂ ಉಗಿಯದೆ ತಿಂದ. ಆಮೇಲೆ ತೋಟದ ಟೀ ಅಂಗಡಿಯಲ್ಲಿ ನನ್ನ ಪಾಲಿನ ಬ್ರೆಡ್ಡನ್ನೂ ಅವನೇ ಮುಗಿಸಿದ.