ಜೋಬ್ ಪಿನ್ನಕ್‌ನ ಹೆಣ ಹೋದ ದಾರಿ

ಆಲ್ಡರ್‌ಕೂಮ್ ಬಂಗಲೆಯ ಕೆರೆಯನ್ನು ನೋಡಿ ಬಂದವರೆಲ್ಲ ಆಹಾ ಅನ್ನುತ್ತಾರೆ. ಅನ್ನಲಿ. ಆ ನೀರಿನ ಕೆಳಗೆ ಒಂದು ಬೀದಿಯಿದೆ, ಬೀದಿಯ ಎರಡೂ ಬದಿಗೆ ಮನೆಗಳಿದ್ದವು, ಅವುಗಳಲ್ಲೊಂದು ಡಾರ್ಕಸ್ ಪಿನ್ನಕ್‌ಳದು ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಹೇಳಿದರೆ ಚಹಾ ರುಚಿಸಲಿಕ್ಕಿಲ್ಲ.

ಡಾರ್ಕಸ್ ಆ ಬಂಗಲೆಯ ಬಟ್ಟೆ ಒಗೆಯುವವಳು. ಅವಳ ತಾಯಿಯೂ ಅದೇ ಕೆಲಸದವಳು. ಹದಿನೈದು ತುಂಬುವ ಮೊದಲೇ ಅವಳ ಕೈ ಬಟ್ಟೆ ನೆನೆಹಾಕುವ ಬೂದಿಯ ಕಾರನೀರಿಗೆ ಬೆಂದು ಕೆಂಪಾಗಿತ್ತು, ನಾಲಿಗೆ ಅದಕ್ಕಿಂತ ಖಾರವಾಗಿತ್ತು. ಹಳ್ಳ ಅಗೆಯುವ, ಬೇಲಿ ಕಟ್ಟುವ ಜೋಬ್‌ನನ್ನು ಮದುವೆಯಾದಳು. ಅವನು ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಉಳಿದದ್ದನ್ನೆಲ್ಲ ಇವಳೇ ಆಡುತ್ತಿದ್ದಳು. ಪೇಷನ್ಸ್ ಎಂಬ ಒಬ್ಬಳೇ ಮಗಳು. ಗಂಟಲುಬೇನೆ ಬಂದು ನಡೆಯುವ ವಯಸ್ಸಿನಲ್ಲೇ ಹೋಯಿತು ಮಗು. ಅದನ್ನು ಬೀದಿಯ ತುದಿಯ ದಿಬ್ಬದ ಮೇಲಿದ್ದ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಬಟ್ಟೆ ಹರವಲು ಹೋದಾಗಲೆಲ್ಲ ಡಾರ್ಕಸ್ ಹತ್ತು ಹೆಜ್ಜೆ ಹೆಚ್ಚು ನಡೆದು ಮಗಳನ್ನು ಮಾತಾಡಿಸಿ ಬರುತ್ತಿದ್ದಳು.

ಹೀಗಿರುವಾಗ ಬಂಗಲೆಯ ಧಣಿ ಸರ್ ಜಾರ್ವಿಸ್ ಇಟಲಿ ನೋಡಿಕೊಂಡು ಬಂದರು. ಬಂದವರಿಗೆ ತಮ್ಮ ಕಿಟಕಿಯಿಂದ ಕಾಣುವ ನೋಟ ಹಿಡಿಸಲಿಲ್ಲ. ಹಂದಿಗೂಡು, ಎಲೆಕೋಸಿನ ಮಡಿ, ಹಗ್ಗದ ಮೇಲೆ ಹಾರಾಡುವ ಬಟ್ಟೆ. ಆ ಬಟ್ಟೆಯಲ್ಲಿ ಅರ್ಧ ಅವರದೇ ಹಾಸಿಗೆಯ ಬಟ್ಟೆ ಎಂಬುದು ಬೇರೆ ಮಾತು. ಲಂಡನ್ನಿನಿಂದ ಒಬ್ಬ ಉದ್ಯಾನದ ಪಂಡಿತ ಬಂದ. ಬೀದಿಯ ಮಧ್ಯೆ ಕುದುರೆ ನಿಲ್ಲಿಸಿ, ಕೋಲು ಚಾಚಿ, 'ಇಲ್ಲಿ ನೀರು, ಅಲ್ಲಿ ಮರ, ಮೇಲೆ ಜಿಂಕೆ' ಅಂದ. ಜನ ಎಲ್ಲಿ ಎಂದು ಅವನು ಹೇಳಲಿಲ್ಲ. ಅವನನ್ನು ಯಾರೂ ಕೇಳಲೂ ಇಲ್ಲ.

ಜನವನ್ನು ಗುಡ್ಡದ ಆಚೆಗೆ, ಬಂಗಲೆಯ ಕಣ್ಣಿಗೆ ಬೀಳದ ಕಡೆ, ಹೊಸ ಮನೆಗಳ ಸಾಲು ಕಟ್ಟಿಸಿ ತಳ್ಳಿದರು. ಚರ್ಚನ್ನು ಮಾತ್ರ ಬಿಟ್ಟರು, ಮರಗಳ ನಡುವೆ ಅದರ ಗೋಪುರ ಚೆನ್ನಾಗಿ ಕಾಣುತ್ತದಂತೆ. ಇಡೀ ಉದ್ಯಾನದ ಸುತ್ತ ಬೇಲಿ ಬಂತು. ಚರ್ಚಿಗೆ ಹೋಗುವ ಹಳೆಯ ದಾರಿ ಮುಚ್ಚಿತು. ಇನ್ನು ಮೇಲೆ ಊರವರು ಗುಡ್ಡ ಬಳಸಿ ಗಾಡಿರಸ್ತೆಯಲ್ಲಿ ಬಂದು ಹಿಂಬಾಗಿಲಿಂದ ದೇವರನ್ನು ಕಾಣಬೇಕು. ಮೊಣಕಾಲು ನೋವಿನ ಮುದುಕಿಯರು ದೇವರನ್ನೇ ಬಿಟ್ಟರು.

ಇಷ್ಟಾದರೂ ಡಾರ್ಕಸ್ ಸಹಿಸಿಕೊಂಡಾಳು. ಆದರೆ ಆ ಕೆರೆ ಅಗೆದದ್ದು ಯಾರು? ಅವಳ ಗಂಡ. ತನ್ನ ಮನೆಯ ಒಲೆಕಲ್ಲನ್ನು ತಾನೇ ಕಿತ್ತು, ತನ್ನ ಹಿತ್ತಿಲನ್ನು ತಾನೇ ತೋಡಿ, ಸಂಜೆ ಕೆಸರು ಮೆತ್ತಿದ ಕಾಲಲ್ಲಿ ಹೊಸ ಸಾಲಿನ ಮನೆಗೆ ಬರುತ್ತಿದ್ದ.

"ನಾನು ಅಗೀದೇ ಇದ್ರೆ ಇನ್ನೊಬ್ಬ ಅಗೀತಿದ್ದ ಕಣೇ," ಅಂದ ಒಂದು ದಿನ.

"ಅಗೀಲಿ ಬಿಡು ಅನ್ಬೇಕಿತ್ತು. ಆ ಇನ್ನೊಬ್ಬನ ಹೆಂಡ್ತಿ ಅವನ ಮುಖಕ್ಕೆ ಉಗೀತಿದ್ಲು. ನನಗೆ ಆ ಕಷ್ಟ ತಪ್ತಿತ್ತು."

ಆ ಚಳಿಗಾಲವಿಡೀ ಅವಳು ಅವನ ಮುಂದೆ ಬ್ರೆಡ್ಡು, ಹಂದಿಮಾಂಸ ಇಡುತ್ತಿದ್ದಳು, ಮಾತು ಇಡುತ್ತಿರಲಿಲ್ಲ. ಅದಕ್ಕೆ ಅವಳನ್ನು ಕಟುಕಿ ಎಂದವರಿದ್ದಾರೆ. ಅಂದವರು ಯಾರೂ ತಮ್ಮ ಗಂಡನ ಕೈಯಲ್ಲೇ ತಮ್ಮ ಮನೆ ಮುಳುಗಿದ್ದನ್ನು ಕಂಡವರಲ್ಲ.

ವರ್ಷಗಟ್ಟಲೆ ತಣ್ಣೀರಲ್ಲಿ ನಿಂತು ಜೋಬ್‌ನ ಎದೆ ಹಾಳಾಯಿತು. ಒಂದು ವಸಂತದಲ್ಲಿ ಮಲಗಿದವನು ಏಳಲಿಲ್ಲ. ಕೊನೆಗೆ ಅವಳ ಕೈ ಹಿಡಿದುಕೊಂಡು ಅಂದ: "ನನ್ನನ್ನ ಹಳೇ ದಾರೀಲೇ ಒಯ್ಯಿ, ಡಾರ್ಕಸ್. ಬದುಕಿದ್ದಾಗ ಮುಚ್ಚಿದ್ದನ್ನ ಸತ್ತಾದ್ರೂ ತೆಗೀತೀನಿ."

ಹೆಣ ಹೋದ ದಾರಿ ಊರಿನ ದಾರಿ, ಅದಕ್ಕೆ ಬೀಗ ಹಾಕುವವನಿಲ್ಲ. ಇದು ನಮ್ಮ ಕಡೆ ಕೂಸಿಗೂ ಗೊತ್ತಿರುವ ಮಾತು. ಬೇಲಿ ಹಾಕಿದ ದಿನದಿಂದ ಬಂಗಲೆಯ ಪಾರುಪತ್ತೇಗಾರ ಕ್ರಿಚ್ಲಿ ಆ ಉದ್ಯಾನದೊಳಗೆ ಒಂದು ಶವಪೆಟ್ಟಿಗೆಯನ್ನೂ ಬಿಟ್ಟಿರಲಿಲ್ಲ, ಅದೂ ಇದೇ ಕಾರಣಕ್ಕೆ. ಡಾರ್ಕಸ್ ಅತ್ತಳು. ಅಷ್ಟು ವರ್ಷದ ಸಿಟ್ಟು ಗಂಡನ ಮೇಲಿಂದ ಇಳಿಯಿತು, ಇಳಿದು ಹೋಗಬೇಕಾದ ಕಡೆ ಹೋಗಿ ಕೂತಿತು.

ಸಾವಿನ ಮನೆಯ ಮಾತು ಒಳಗೇ ನಿಲ್ಲುತ್ತದೆಯೇ? ಬಂಗಲೆಗೆ ಮುಟ್ಟಿತು. ಮಾರನೆಯ ಬೆಳಗ್ಗೆಯೇ ಕ್ರಿಚ್ಲಿ ಬಂದ. ಟೋಪಿ ತೆಗೆದ. ಅವನು ಬಡವರ ಮನೆಯಲ್ಲಿ ಟೋಪಿ ತೆಗೆದನೆಂದರೆ ಏನೋ ಕಿತ್ತುಕೊಳ್ಳಲು ಬಂದಿದ್ದಾನೆಂದೇ ಅರ್ಥ.

"ಧಣಿಗಳಿಗೆ ಬಹಳ ಬೇಜಾರಾಯ್ತಮ್ಮ. ಜೋಬ್‌ನನ್ನ ಉದ್ಯಾನದ ಒಳಗಿಂದಾನೇ ಒಯ್ಯಿರಿ ಅಂತ ಅಪ್ಪಣೆ ಕೊಟ್ಟಿದಾರೆ. ಗೇಟು ತೆಗ್ದಿರುತ್ತೆ. ಹೊರೋರಿಗೆ ಒಂದು ಪೀಪಾಯಿ ಬಿಯರ್ ಕೂಡ ಕಳ್ಸಿದಾರೆ."

ಪಕ್ಕದ ಮನೆಯ ಮರ್ಸಿ ಟಾಡ್, "ದೇವರು ಅವರನ್ನ ಚೆನ್ನಾಗಿಟ್ಟಿರ್ಲಿ," ಎಂದು ಕಣ್ಣೊರೆಸಿಕೊಂಡಳು. ಡಾರ್ಕಸ್ ಒರೆಸಿಕೊಳ್ಳಲಿಲ್ಲ. ಒಗೆಯುವವಳಿಗೆ ಕಲೆ ಎಲ್ಲಿದೆ ಎಂದು ಬೇಗ ಕಾಣುತ್ತದೆ. ಅಪ್ಪಣೆಯಿಂದ ಹೋದರೆ ಅದು ಧಣಿಯ ದಯೆ. ದಯೆಯನ್ನು ಇಂದು ಕೊಟ್ಟವನು ನಾಳೆ ವಾಪಸು ತೆಗೆದುಕೊಳ್ಳಬಹುದು. ದಯೆಯಿಂದ ಹೋದ ಹೆಣ ಯಾವ ದಾರಿಯನ್ನೂ ತೆರೆಯುವುದಿಲ್ಲ. ಜೋಬ್ ಸತ್ತದ್ದೂ ದಂಡವಾಗುತ್ತದೆ.

"ಅಪ್ಪಣೆ ನನಗೆ ಬೇಡ," ಅಂದಳು.

"ಬೇಡ ಅಂದ್ರೆ ಹೇಗಮ್ಮ? ಕೊಟ್ಟಾಗಿದೆ." ಕ್ರಿಚ್ಲಿ ನಕ್ಕ. "ನೀನು ತಗೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಹೊರುವುದಕ್ಕೆ ಜೋಬ್‌ನ ತಮ್ಮ ನೇಥನ್ ಮೂವರನ್ನು ಕರೆದುಕೊಂಡು ಬಂದ. ನಾಲ್ವರ ಮೀಸೆಯಲ್ಲೂ ಧಣಿಯ ಬಿಯರಿನ ನೊರೆ.

"ಅತ್ತಿಗೆ, ಗೇಟು ತೆಗ್ದಿದಾರಂತೆ. ಇನ್ನೇನು ಬೇಕು ನಿಂಗೆ?"

"ನೇಥನ್, ನಿಮ್ಮಣ್ಣನ ಹೆಣ ಆ ಗೇಟಲ್ಲಿ ಹೋಗಲ್ಲ. ಹಳೇ ದಾರಿ ಬೇಲಿಗೆ ಎಲ್ಲಿ ತಾಗುತ್ತೋ ಅಲ್ಲಿ ಬೇಲಿ ಮುರ್ಕೊಂಡು ಹೋಗುತ್ತೆ."

ನೇಥನ್ ಬಾಯಿ ಒರೆಸಿಕೊಂಡ. "ಬೇಲಿ ಮುರುದ್ರೆ ಮನೆ ಬಿಡಿಸ್ತಾರೆ. ನಂಗೆ ಮಕ್ಕಳಿದಾವೆ. ಬಡವನ ಕೋಪ ದವಡೆಗೆ ಮೂಲ ಅಂತ ಸುಮ್ನೆ ಹೇಳ್ತಾರಾ?"

"ನಿಂಗೆ ಕೋಪ ಎಲ್ಲಿ ಬಂತಪ್ಪ? ನಿನ್ನ ದವಡೆ ಸುಖವಾಗಿದೆ. ಹೋಗು, ಪೀಪಾಯೀಲಿ ಇನ್ನೂ ಉಳಿದಿರ್ಬೇಕು."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ಹಿಂದಕ್ಕೆ ಸರಿದರು. ನಾಚಿಕೆಯಾಯಿತೋ ಇಲ್ಲವೋ, ಪೀಪಾಯಿ ಮಾತ್ರ ಖಾಲಿಯಾಯಿತು. ಆಗ ಮರ್ಸಿ ಟಾಡ್, ಆ ಅಳುಬುರುಕಿ, ತೋಳು ಮಡಿಚಿಕೊಂಡು ಮುಂದೆ ಬಂದಳು.

"ಒದ್ದೆ ಕಂಬಳಿ ಹೊತ್ತ ಹೆಗಲು ನಮ್ದು. ಜೋಬ್ ಅದಕ್ಕಿಂತ ಭಾರವಾ? ಏಳ್ರೇ."

ಒಗೆಯುವ ಹೆಂಗಸರು ಆರು ಜನ ಪೆಟ್ಟಿಗೆ ಎತ್ತಿದರು. ಬೇಲಿಯ ಹತ್ತಿರ ಬಂದಾಗ ಗೇಟು ಹಾರು ಹೊಡೆದಿತ್ತು. ಕಾವಲಿನವನು ಟೋಪಿ ಕೈಯಲ್ಲಿ ಹಿಡಿದು, ಹೇಳಿಕೊಟ್ಟದ್ದನ್ನು ಒಪ್ಪಿಸಲು ಬಾಯಿ ತೆರೆದ. ಡಾರ್ಕಸ್ ಅವನತ್ತ ನೋಡದೆ ಮುಂದೆ ನಡೆದು, ಹಳೆಯ ದಾರಿಯ ತಗ್ಗು ಕಾಣುತ್ತಿದ್ದ ಕಡೆ ನಿಂತು, ಹಲಗೆಗೆ ಕೈ ಹಾಕಿ ಎಳೆದಳು.

"ಅಕ್ಕಾ, ಇಲ್ಲಿ! ಇಲ್ಲಿ ತೆಗ್ದಿದೆ!" ಅವನು ಕೂಗಿದ. "ಧಣಿಗಳ ಅಪ್ಪಣೆ ಇದೆ ಅಕ್ಕಾ!"

"ಇಟ್ಕೊಳ್ಳೋಕೆ ಹೇಳು!" ಎಂದಳು ಮರ್ಸಿ. ಒಂದು ಹಲಗೆ ಹೋಯಿತು, ಇನ್ನೊಂದು ಹೋಯಿತು. ಬೇಲಿ ಕಟ್ಟಿದವನೂ ಜೋಬ್‌ನೇ, ಗಟ್ಟಿಯಾಗಿಯೇ ಕಟ್ಟಿದ್ದ. ಪೆಟ್ಟಿಗೆಯನ್ನು ಕೆಳಗಿಳಿಸಿ, ಬಯ್ಯುತ್ತಾ, ಅಳುತ್ತಾ, ಉಗುರು ಕಿತ್ತುಕೊಳ್ಳುತ್ತಾ ಅವರು ಪೆಟ್ಟಿಗೆ ಹೋಗುವಷ್ಟು ಜಾಗ ಮಾಡಿದರು. ಕಾವಲಿನವನು ತೆರೆದ ಗೇಟಿನ ಪಕ್ಕದಲ್ಲಿ ಪೆದ್ದನ ಹಾಗೆ ನಿಂತಿದ್ದ.

ದಾರಿ ಇಳಿದು ಕೆರೆಗೆ ಹೋಯಿತು. ಅಲ್ಲಿಂದ ಅದು ನೀರಿನ ಕೆಳಗೆ. ಕೆರೆಯ ತುದಿ ಬಳಸಿ ಹೋಗಬಹುದಿತ್ತು, ಆದರೆ ಬಳಸಿ ಹೋದದ್ದು ದಾರಿಯಲ್ಲ. ಆ ಮಗ್ಗುಲಲ್ಲಿ ದನ ಇಳಿಯಲೆಂದು ಕೆರೆಯನ್ನು ಆಳ ಮಾಡಿರಲಿಲ್ಲ. ಡಾರ್ಕಸ್ ಮೊದಲು ಇಳಿದಳು, ಹಿಂದೆ ಆ ಆರು ಜನ. ಪಾವಡೆಗಳು ನೀರಲ್ಲಿ ಉಬ್ಬಿದವು. ಸೊಂಟದ ತನಕ ಬಂದ ನೀರಲ್ಲಿ, ತಾವು ಆಡಿ ಬೆಳೆದ ಬೀದಿಯ ಕಲ್ಲುಗಳ ಮೇಲೆ ಕಾಲು ಊರಿ ಊರಿ, ಜೋಬ್‌ನನ್ನು ಅವನ ಮನೆಬಾಗಿಲ ಮುಂದಿನಿಂದಲೇ ಆಚೆ ದಡಕ್ಕೆ ದಾಟಿಸಿದರು. ಬಂಗಲೆಯ ಕಿಟಕಿಗಳಲ್ಲಿ ಮುಖಗಳು ಕಾಣಿಸಿದವು. ಚೆನ್ನಾಗಿ ನೋಡಲಿ, ನೋಟಕ್ಕೆಂದೇ ಅಲ್ಲವೇ ಇಷ್ಟೆಲ್ಲ ಮಾಡಿಸಿದ್ದು.

ಧಣಿಯ ಅನ್ನ ತಿನ್ನುವ ಪಾದ್ರಿ ಗಡಿಬಿಡಿಯಲ್ಲಿ ಓದಿ ಮುಗಿಸಿದ. ಪೇಷನ್ಸ್‌ಳ ಪಕ್ಕದಲ್ಲಿ ಜೋಬ್ ಮಲಗಿದ. ಅಷ್ಟರಲ್ಲಿ ಕ್ರಿಚ್ಲಿ ಏದುಸಿರು ಬಿಡುತ್ತಾ ಬಂದ.

"ಮೂರ್ಖ ಹೆಂಗಸರಾ! ಹೆಣ ಹೋದ್ರೆ ದಾರಿ ಆಗುತ್ತೆ ಅಂತ ಯಾವ ಕಾನೂನಲ್ಲೂ ಇಲ್ಲ. ಯಾವ ಜಡ್ಜಿ ಹತ್ರ ಹೋದ್ರೂ ನಗ್ತಾನೆ!"

ಡಾರ್ಕಸ್ ಪಾವಡೆಯ ನೀರು ಹಿಂಡುತ್ತಿದ್ದಳು. "ಹೌದಾ ಸ್ವಾಮಿ? ಹಾಗಿದ್ರೆ ಒಂದು ಪೀಪಾಯಿ ಬಿಯರ್ ಯಾಕೆ ಖರ್ಚು ಮಾಡಿದ್ರಿ?"

ಅವನ ಹತ್ತಿರ ಅಧಿಕಾರವಿತ್ತು. ಅವನ ಮಾತು ನಿಜವೂ ಆಗಿತ್ತು: ಅಂಥ ಕಾನೂನು ಎಲ್ಲೂ ಇಲ್ಲ. ನಮ್ಮವರು ತಲೆತಲಾಂತರದಿಂದ ನಂಬಿದ್ದು ಬರೀ ನಂಬಿಕೆ. ನಮ್ಮ ಸೀಮೆಗೆ ನ್ಯಾಯ ಹೇಳುವವರೂ ಸರ್ ಜಾರ್ವಿಸರೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು? ನಡುಬೇಸಿಗೆಯ ಸಂತ ಯೋಹಾನನ ಹಬ್ಬದ ಹೊತ್ತಿಗೆ ಮನೆ ಖಾಲಿ ಮಾಡಬೇಕೆಂದು ಡಾರ್ಕಸ್‌ಗೆ ಆಜ್ಞೆಯಾಯಿತು. ಅಲ್ಲಿಯವರೆಗೆ ಪ್ರತಿ ಭಾನುವಾರ ಅವಳು ಅದೇ ಹಲಗೆಗಳನ್ನು ಕಿತ್ತು ಚರ್ಚಿಗೆ ಹೋದಳು, ಪ್ರತಿ ಸೋಮವಾರ ನೇಥನ್ ಬಂದು ಅವಕ್ಕೆ ಮತ್ತೆ ಮೊಳೆ ಹೊಡೆದ. ಅವನಿಗೆ ಆ ಕೆಲಸ ಸಿಕ್ಕಿತ್ತು. ಒಂದು ಸೋಮವಾರದ ನಂತರ ಮೊಳೆಗಳು ಯಾಕೋ ಸಡಿಲವಾಗಿದ್ದವು. ಅವಳು ಅದಕ್ಕಾಗಿ ಅವನನ್ನು ಕ್ಷಮಿಸಲಿಲ್ಲ.

ಮನೆ ಬಿಡುವ ದಿನ ಹಾಸಿಗೆ, ಹಂಡೆ, ಒಗೆಯುವ ಹಲಗೆಯನ್ನು ಕೈಗಾಡಿಗೆ ಕಟ್ಟಿ, ಪಕ್ಕದ ಊರಿನ ತಂಗಿಯ ಮನೆಗೆ ಹೊರಟಳು. ಅಲ್ಲಿಗೆ ಗಾಡಿರಸ್ತೆಯೇ ಹತ್ತಿರದ್ದು. ಅವಳು ಬೇಲಿ ಕಿತ್ತು, ಗಾಡಿ ತಳ್ಳಿಕೊಂಡು, ನಡುಹಗಲಲ್ಲಿ ಉದ್ಯಾನದೊಳಗಿನ ದಾರಿಗೇ ಬಂದಳು. ಕೆರೆಯ ಈಚೆ ಹುಲ್ಲಿನ ಮೇಲೆ ಸರ್ ಜಾರ್ವಿಸ್ ಅತಿಥಿಗಳ ಜೊತೆ ಕೂತಿದ್ದರು. ರೇಷ್ಮೆಯ ನಿಲುವಂಗಿಯ ಒಬ್ಬ ಹೆಂಗಸು ಪುಟ್ಟ ಸ್ಟೂಲಿನ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಡಾರ್ಕಸ್‌ಳನ್ನು ಕಂಡು ಅವಳ ಕಣ್ಣರಳಿತು.

"ಆಹಾ, ಎಂಥ ಚೆಂದ! ಸರ್ ಜಾರ್ವಿಸ್, ಈ ಮುದುಕೀನ ನೋಟಕ್ಕೆ ಅಂತ ನೀವೇ ಸಂಬಳ ಕೊಟ್ಟು ಇಟ್ಟಿದ್ದೀರಾ? ಏ ಮುದುಕೀ, ಅಲ್ಲೇ ನಿಲ್ಲು. ಚೂರು ಪಕ್ಕಕ್ಕೆ ಸರಿ, ಆ ಮರದ ಕೆಳಗೆ."

ಸರ್ ಜಾರ್ವಿಸ್ ಚಹಾದ ಬಟ್ಟಲು ಎತ್ತಿಕೊಂಡರು. ಅತಿಥಿಗಳ ಮುಂದೆ ಏನೆಂದು ಹೇಳಿಯಾರು?

ಡಾರ್ಕಸ್ ನಿಲ್ಲಲಿಲ್ಲ. ಗಾಡಿಯ ಚಕ್ರವನ್ನು ರೇಷ್ಮೆಯ ಅಂಚಿನ ಹತ್ತಿರಕ್ಕೆ ತಂದಳು.

"ಪಕ್ಕಕ್ಕೆ ಸರಿಯೋಕಾಗಲ್ಲ ಅಮ್ಮಾ. ನಾನು ದಾರಿ ಮೇಲಿದೀನಿ. ನೀವು ಕೂತಿರೋದೂ ದಾರಿ ಮೇಲೇ. ನೀವೇ ಸರೀರಿ."

ಆ ಹೆಂಗಸು ಸರ್ ಜಾರ್ವಿಸರ ಮುಖ ನೋಡಿದಳು. ಅವರು ಕೆರೆ ನೋಡುತ್ತಿದ್ದರು. ಅವಳು ಎದ್ದಳು. ಸ್ಟೂಲನ್ನೂ ಎತ್ತಿಕೊಂಡಳು.