ನೀರು ಬಿದ್ದ ತಲೆ

ಕೋತಗಿರಿಯ ಏರುದಾರಿಯಲ್ಲಿ ಹೆತ್ತೆ ಎದುರಾದಾಗ ನಾನು ತುಂಬಿದ ಬಸುರಿ. ಹೆತ್ತೆ ಎಂದರೆ ನನ್ನ ಅಪ್ಪನ ತಾಯಿ. ನಮ್ಮ ಬೆಟ್ಟದಲ್ಲಿ ಹಿರಿಯರನ್ನು ಕಂಡರೆ ಕಿರಿಯರು ತಲೆ ಬಾಗುತ್ತಾರೆ, ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ನಾನೂ ನನ್ನ ಗಂಡನೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಮೇಲೆ ಹೆತ್ತೆ ಒಮ್ಮೆಯೂ ಕೈಯಿಟ್ಟಿರಲಿಲ್ಲ. ಆದರೂ ಕಂಡಾಗಲೆಲ್ಲ ಬಾಗುತ್ತಿದ್ದೆ. ಅವಳ ಮನಸ್ಸು ಕರಗಿಸಪ್ಪಾ ಎಂದು ದೇವರನ್ನು ಬೇಡುತ್ತಿದ್ದೆ.

ಆ ದಿನ ಬಾಗಲು ಹೋಗಿ ಮುಗ್ಗರಿಸಿದೆ. ಹೆತ್ತೆ ಸೌದೆ ಹೊರೆ ಎಸೆದು ಓಡಿಬಂದು ನನ್ನನ್ನು ತಬ್ಬಿ ಹಿಡಿದಳು. ಅವಳ ಅಂಗೈ ನನ್ನ ತಲೆಯ ಮೇಲಿತ್ತು. ಅದು ಅರಿವಾದದ್ದೇ ಬೆಚ್ಚಿ ಕೈ ಹಿಂತೆಗೆದಳು.

"ಪಾದ್ರಿ ನೀರು ಹಾಕಿದ ತಲೆ ಇದು. ನಾ ಮುಟ್ಟಿದರೆ ನಿನ್ನ ಸಾಮಿ ನಿನ್ನ ಕೈಬಿಟ್ಟಾನು ಅಂತ ಇಷ್ಟು ದಿನ ಮುಟ್ಟಿಲೆ. ಈಗ ಏನು ಮಾಡಲಿ, ಮಗಾ?"

ನಾನು ಆ ಕೈಯನ್ನು ಎಳೆದು ಮತ್ತೆ ತಲೆಯ ಮೇಲಿಟ್ಟುಕೊಂಡೆ. "ಇಡು ಹೆತ್ತೆ. ಈ ಕೈ ಬೇಕು ಅಂತಲೇ ಅವನ ಹತ್ತಿರ ಬೇಡಿಕೊಂಡಿದ್ದೆ."

ಕರಗಲಿ ಎಂದು ನಾನು ಬೇಡುತ್ತಿದ್ದ ಮನಸ್ಸು ಅಷ್ಟು ಕಾಲವೂ ನನ್ನ ದೇವರಿಗೇ ಮರ್ಯಾದೆ ಕೊಟ್ಟು ದೂರ ನಿಂತಿತ್ತು. ಮಗು ಹುಟ್ಟಿದಾಗ ಪಾದ್ರಿಗಿಂತ ಮೊದಲು ಅದರ ತಲೆಯ ಮೇಲೆ ಕೈಯಿಟ್ಟವಳು ಹೆತ್ತೆ.